ಸೆರ್ಜಿಯೊ ಮೆಂಡೆಸ್ ಹಾಡುಗಳ ರಾಶಿಯಲ್ಲಿ ಒಳ್ಳೆಯವನ್ನು ಹೆಕ್ಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸೆರ್ಜಿಯೊ ಮೆಂಡೆಸ್ ಯಾರು? ಅವರ ಹಾಡು ಹುಡುಕುವುದಕ್ಕೆ ಇಷ್ಟು ಉದ್ದದ ಪುಟ ಬೇಕೆ?

ಬ್ರೆಜಿಲ್‌ನ ಪಿಯಾನೋ ವಾದಕ, ವಾದ್ಯ ಸಂಯೋಜಕ, ತಂಡದ ನಾಯಕ. ರಿಯೊ ನಗರದ ಎದುರು ದಡದಲ್ಲಿರುವ ನಿತೆರೊಯ್‌ನಲ್ಲಿ 1941ರ ಫೆಬ್ರವರಿ 11ರಂದು ಹುಟ್ಟಿದರು, 2024ರ ಸೆಪ್ಟೆಂಬರ್ 5ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಅವರ ಮೊದಲ ಆಲ್ಬಮ್ 1961ರದು, 'ಇನ್ ದ ಕೀ ಆಫ್ ಜಾಯ್' 2020ರದು. ನಡುವೆ ಅರುವತ್ತು ವರ್ಷದ ದುಡಿಮೆ ಇದೆ. ತಂಡದ ಹೆಸರು ನಾಲ್ಕಾರು ಸಲ ಬದಲಾಗಿದೆ, ರೆಕಾರ್ಡ್ ಕಂಪನಿಗಳೂ ಅಷ್ಟೇ ಸಲ ಬದಲಾಗಿವೆ. ಜಾಝ್, ಬೋಸಾ ನೋವಾ (ಸಾಂಬಾದಿಂದ ಹುಟ್ಟಿದ ಬ್ರೆಜಿಲ್‌ನ ಮೆಲುದನಿ ಶೈಲಿ), ಪಾಪ್, ಫಂಕ್, ಹಿಪ್‌ಹಾಪ್, ಬ್ರೆಜಿಲ್‌ನ ಬಾಯಿಯಾ ರಾಜ್ಯದ ಕಡೆಯ ಡೋಲು, ಎಲ್ಲವೂ ಒಂದೇ ಹೆಸರಿನ ಕೆಳಗೆ ಸಿಗುತ್ತವೆ. ಕಣ್ಣುಮುಚ್ಚಿ ಯಾವುದೋ ಆಲ್ಬಮ್ ತೆರೆದರೆ ಹೋಟೆಲ್ ಲಾಬಿಯ ಹಿನ್ನೆಲೆ ಸಂಗೀತವೇ ಕಿವಿಗೆ ಬೀಳುವ ಸಾಧ್ಯತೆ ಹೆಚ್ಚು. ಅದನ್ನು ಕೇಳಿ "ಇಷ್ಟೇನಾ?" ಎಂದು ಎದ್ದುಹೋದವರು ಬಹಳ ಮಂದಿ.

ಸರಿ, ಎಲ್ಲಿಂದ ಶುರು ಮಾಡಲಿ?

1966ರಿಂದ 1970ರವರೆಗೆ ಎ ಅಂಡ್ ಎಂ ಎಂಬ ರೆಕಾರ್ಡ್ ಕಂಪನಿಗೆ 'ಬ್ರಸಿಲ್ 66' ತಂಡದ ಹೆಸರಿನಲ್ಲಿ ಮಾಡಿದ ಆಲ್ಬಮ್‌ಗಳಿಂದ. ಕ್ರಮವಾಗಿ: 'ಹರ್ಬ್ ಆಲ್ಪರ್ಟ್ ಪ್ರೆಸೆಂಟ್ಸ್' (1966), 'ಈಕ್ವಿನಾಕ್ಸ್' (1967), 'ಲುಕ್ ಅರೌಂಡ್' (1967ರ ಕೊನೆ), 'ಫೂಲ್ ಆನ್ ದ ಹಿಲ್' (1968), 'ಕ್ರಿಸ್ಟಲ್ ಇಲ್ಯೂಶನ್ಸ್' (1969), 'ಯೆ ಮೆ ಲೆ' (1969), 'ಸ್ಟಿಲ್‌ನೆಸ್' (1970). ಒಂದೊಂದರಲ್ಲಿ ಹತ್ತರ ಆಸುಪಾಸು ಹಾಡು, ಬಹುಪಾಲು ಎರಡೂವರೆ ಮೂರು ನಿಮಿಷದವು. ಒಂದು ಆಲ್ಬಮ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಏಳರಲ್ಲಿ ಎರಡಕ್ಕೇ ಸಮಯವಿದ್ದರೆ 'ಲುಕ್ ಅರೌಂಡ್' ಮತ್ತು 'ಫೂಲ್ ಆನ್ ದ ಹಿಲ್' ತೆಗೆದುಕೊಳ್ಳಿ. 'ಮಾಸ್ ಕಿ ನಾದಾ' ಇರುವುದರಿಂದ ಎಲ್ಲರೂ 'ಹರ್ಬ್ ಆಲ್ಪರ್ಟ್ ಪ್ರೆಸೆಂಟ್ಸ್' ಅನ್ನೇ ಹೇಳುತ್ತಾರೆ. ಅದು ಉಲ್ಲಾಸದ ಆಲ್ಬಮ್, ಅನುಮಾನವಿಲ್ಲ. ಆದರೆ ತಂಡ ಪಳಗಿದ್ದು ಆಮೇಲೆ.

'ಗ್ರೇಟೆಸ್ಟ್ ಹಿಟ್ಸ್' ಒಂದನ್ನು ಕೇಳಿಬಿಟ್ಟರೆ ಸಾಲದೆ?

ಸಾಲದು. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೆಂಡೆಸ್‌ರ ಹಿಟ್ ಹಾಡುಗಳೂ ಮೆಂಡೆಸ್‌ರ ಒಳ್ಳೆಯ ಹಾಡುಗಳೂ ಬೇರೆ ಬೇರೆ.

ಕಾರಣ ವ್ಯಾಪಾರದ್ದು. ಅಮೆರಿಕದ ರೇಡಿಯೋದಲ್ಲಿ ಓಡಬೇಕಾದರೆ ಕೇಳುಗರಿಗೆ ಮೊದಲೇ ಗೊತ್ತಿರುವ ಇಂಗ್ಲಿಷ್ ಹಾಡು ಬೇಕಿತ್ತು. ಹಾಗಾಗಿ ಆಲ್ಬಮ್‌ಗಳಲ್ಲಿ ಬೀಟಲ್ಸ್‌ರದೋ, ಅಮೆರಿಕದ ಹಾಡು ರಚನೆಕಾರ ಬರ್ಟ್ ಬಕರಾಕ್‌ರದೋ, ಬೇರೆ ಯಾರದೋ ಒಂದೆರಡು ಹಾಡು ಇರುತ್ತಿದ್ದವು, ಸಿಂಗಲ್ (ಬಿಡಿ ಹಾಡು) ಆಗಿ ಹೊರಬರುತ್ತಿದ್ದುದು ಹೆಚ್ಚಾಗಿ ಅವೇ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 'ದ ಲುಕ್ ಆಫ್ ಲವ್' 4ನೇ ಸ್ಥಾನಕ್ಕೂ 'ದ ಫೂಲ್ ಆನ್ ದ ಹಿಲ್' 6ನೇ ಸ್ಥಾನಕ್ಕೂ 'ಸ್ಕಾರ್ಬರೋ ಫೇರ್' 16ನೇ ಸ್ಥಾನಕ್ಕೂ ಏರಿದವು, ಮೂರೂ 1968ರಲ್ಲಿ. ಇವತ್ತು ಎಲ್ಲರ ಬಾಯಲ್ಲಿರುವ 'ಮಾಸ್ ಕಿ ನಾದಾ' ಆಗ 47ಕ್ಕೇ ನಿಂತಿತ್ತು. ಸಂಗ್ರಹ ಆಲ್ಬಮ್ ಮಾಡುವವರು ನೋಡುವುದು ಈ ಪಟ್ಟಿಯನ್ನೇ. 1970ರ 'ಗ್ರೇಟೆಸ್ಟ್ ಹಿಟ್ಸ್' ಇರಲಿ, ಆಮೇಲಿನವು ಇರಲಿ, ಅದೇ ಹಾಡುಗಳು ಸುತ್ತಿ ಸುತ್ತಿ ಬರುತ್ತವೆ. ಅದೇ ಆಲ್ಬಮ್‌ಗಳ ಒಳಗೆ ಪಕ್ಕದಲ್ಲೇ ಕೂತಿರುವ ಬ್ರೆಜಿಲ್ ಹಾಡುಗಳಿಗೆ ಅಲ್ಲಿ ಸಿಗುವ ಜಾಗ ಕಡಿಮೆ.

ಹಾಗಾದರೆ ಆಲ್ಬಮ್ ಒಳಗೆ ಒಳ್ಳೆಯ ಹಾಡನ್ನು ಕೇಳುವ ಮುಂಚೆಯೇ ಗುರುತಿಸಬಹುದೆ?

ಬಹುಮಟ್ಟಿಗೆ ಆಗುತ್ತದೆ. ಹಾಡಿನ ಹೆಸರು ನೋಡಬೇಡಿ, ಬರೆದವರ ಹೆಸರು ನೋಡಿ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ 'ಕ್ರೆಡಿಟ್ಸ್' ಎಂಬ ಸಾಲು ಸಿಗುತ್ತದೆ. ರೆಕಾರ್ಡ್ ಆದರೆ ನಡುವಿನ ಲೇಬಲ್ ಮೇಲೆ ಹಾಡಿನ ಕೆಳಗೇ ಕಂಸದಲ್ಲಿ ಅಚ್ಚಾಗಿರುತ್ತದೆ. ಈ ಕೆಳಗಿನ ಹೆಸರುಗಳು ಕಂಡರೆ ನಿಲ್ಲಿ.

ಎದು ಲೋಬೊ. ಮೊದಲ ಮತ್ತು ಮುಖ್ಯ ಹೆಸರು. 'ಈಕ್ವಿನಾಕ್ಸ್'ನ 'ಫಾರ್ ಮಿ' (ಮೂಲ ಹೆಸರು 'ಅರಸ್ತಾಂವ್'), 'ಲುಕ್ ಅರೌಂಡ್'ನ 'ಪ್ರಾ ದಿಝೇರ್ ಅದೇವುಸ್', 'ಫೂಲ್ ಆನ್ ದ ಹಿಲ್'ನ 'ಕಾಸಾ ಫೋರ್ತೆ', 'ಕಾಂತೊ ತ್ರಿಸ್ತೆ', 'ಊಪಾ ನೆಗಿನ್ಯೊ', 'ಲಾಯಾ ಲಾದಾಯಾ' ನಾಲ್ಕೂ, 'ಕ್ರಿಸ್ಟಲ್ ಇಲ್ಯೂಶನ್ಸ್'ನ ಏಳು ನಿಮಿಷ ದಾಟುವ ಶೀರ್ಷಿಕೆ ಹಾಡು, ಎಲ್ಲ ಇವರವೇ. ಮೆಂಡೆಸ್‌ಗೆ ಇವರ ರಾಗಗಳ ಮೇಲೆ ಎಷ್ಟು ಮೋಹವಿತ್ತೆಂದರೆ 1970ರಲ್ಲಿ 'ಸೆರ್ಜಿಯೊ ಮೆಂಡೆಸ್ ಪ್ರೆಸೆಂಟ್ಸ್ ಲೋಬೊ' ಎಂದು ಇವರದೇ ಒಂದು ಆಲ್ಬಮ್ ನಿರ್ಮಿಸಿದರು. ಬ್ರಸಿಲ್ 66 ಹಿಡಿಸಿದವರು ಅದನ್ನೂ ಕೇಳಬೇಕು.

ಜೊರ್ಜ್ ಬೆನ್: 'ಮಾಸ್ ಕಿ ನಾದಾ' ಮತ್ತು 'ಕಾನ್‌ಸ್ಟಂಟ್ ರೇನ್'. ಜೊಆಂವ್ ದೊನಾತೊ: 'ದ ಫ್ರಾಗ್'. ಜಿಲ್ಬೆರ್ತೊ ಜಿಲ್: 'ರೋದಾ', 'ವಿರಾಮುಂದೊ'. ಬಾದೆನ್ ಪೊವೆಲ್: 'ಬೆರಿಂಬಾವ್', 'ಲಪಿನ್ಯಾ'. ದೊರಿ ಕಾಯಿಮಿ: 'ಲೈಕ್ ಅ ಲವರ್', 'ಫೆಸ್ತಾ'. ಮಾರ್ಕೊಸ್ ವಾಲಿ: 'ಬತುಕಾದಾ'. ಮಿಲ್ತನ್ ನಾಸಿಮೆಂತೊ: 'ಎಂಪ್ಟಿ ಫೇಸಸ್'. ಆಂತೊನಿಯೊ ಅದೊಲ್ಫೊ: 'ಪ್ರೆಟಿ ವರ್ಲ್ಡ್'. ಇವರಲ್ಲಿ ಬಹುತೇಕರು ಆಗ ಇಪ್ಪತ್ತರ ಹರೆಯದವರು, ಅಮೆರಿಕದಲ್ಲಿ ಇವರ ಹೆಸರು ಕೇಳಿದವರೇ ಕಡಿಮೆ. ಇವರ ಹಾಡನ್ನು ಎರಡು ಹೆಣ್ಣು ದನಿ, ಒಂದು ಪಿಯಾನೋ ಇಟ್ಟು ಲಕ್ಷಾಂತರ ಮನೆಗಳಿಗೆ ತಲುಪಿಸಿದ್ದೇ ಮೆಂಡೆಸ್‌ರ ದೊಡ್ಡ ಕೆಲಸ.

ಒಂದು ಎಚ್ಚರಿಕೆ. ಇಂಗ್ಲಿಷ್ ಹೆಸರು ಕಂಡಿತೆಂದು ಹಾಡನ್ನು ದಾಟಿಸಬೇಡಿ. 'ಲೈಕ್ ಅ ಲವರ್', 'ಪ್ರೆಟಿ ವರ್ಲ್ಡ್', 'ಫಾರ್ ಮಿ', 'ಎಂಪ್ಟಿ ಫೇಸಸ್' ಎಲ್ಲವೂ ಮೂಲದಲ್ಲಿ ಪೋರ್ಚುಗೀಸ್ ಹಾಡುಗಳು, ಆಮೇಲೆ ಇಂಗ್ಲಿಷ್ ಸಾಹಿತ್ಯ ಕೂಡಿಸಿದ್ದು. ಅದಕ್ಕೇ ಬರೆದವರ ಹೆಸರು ನೋಡಿ ಎಂದದ್ದು.

ಒಂದೊಂದು ಆಲ್ಬಮ್‌ನಿಂದ ಯಾವ ಹಾಡು ಆರಿಸಿಕೊಳ್ಳಲಿ?

'ಹರ್ಬ್ ಆಲ್ಪರ್ಟ್ ಪ್ರೆಸೆಂಟ್ಸ್': 'ಮಾಸ್ ಕಿ ನಾದಾ', 'ತಿಂ ದೊಂ ದೊಂ', 'ಸ್ಲೋ ಹಾಟ್ ವಿಂಡ್', 'ಬೆರಿಂಬಾವ್'. ಮೂರನೆಯದು ಹೆನ್ರಿ ಮ್ಯಾನ್ಸಿನಿ ರಾಗ. ಹೆಸರಿಗೆ ತಕ್ಕ ಹಾಗೆ ನಿಧಾನ, ಬಿಸಿ. ನಲವತ್ತು ವರ್ಷದ ನಂತರ ಎರಿಕಾ ಬಾಡು ಹಾಡಿದ 'ದಟ್ ಹೀಟ್' ನಿಂತಿರುವುದು ಇದರ ಮೇಲೆಯೇ. 'ಒನ್ ನೋಟ್ ಸಾಂಬಾ' ಮತ್ತು 'ಸ್ಪ್ಯಾನಿಷ್ ಫ್ಲೀ' ಎರಡನ್ನೂ ಹೊಲಿದು ಮಾಡಿದ ಜೋಡಿ ಹಾಡು ಒಂದು ಸಲಕ್ಕೆ ತಮಾಷೆ, ಎರಡನೇ ಸಲಕ್ಕೆ ಬೇಡ.

'ಈಕ್ವಿನಾಕ್ಸ್': 'ಕಾನ್‌ಸ್ಟಂಟ್ ರೇನ್', 'ಸಿನಮನ್ ಅಂಡ್ ಕ್ಲೋವ್', 'ಫಾರ್ ಮಿ', 'ತ್ರಿಸ್ತೆ'. ಇಡೀ ಆಲ್ಬಮ್ ಮೊದಲನೆಯದರ ಅಚ್ಚಿನಲ್ಲೇ ಇದೆ, ಆದರೆ ಹಾಡುಗಳ ನಡಿಗೆ ಇನ್ನೂ ಬಿಗಿ. 'ನೈಟ್ ಅಂಡ್ ಡೇ' ಬಿಟ್ಟರೂ ನಷ್ಟವಿಲ್ಲ.

'ಲುಕ್ ಅರೌಂಡ್': ಇಲ್ಲಿ ಆರಿಸುವುದು ಕಷ್ಟ. 'ರೋದಾ', 'ಲೈಕ್ ಅ ಲವರ್', 'ದ ಫ್ರಾಗ್', 'ತ್ರಿಸ್ತೇಝಾ', 'ಪ್ರಾ ದಿಝೇರ್ ಅದೇವುಸ್', 'ಬತುಕಾದಾ', 'ಸೋ ಮೆನಿ ಸ್ಟಾರ್ಸ್', ಏಳನ್ನೂ ಇಟ್ಟುಕೊಳ್ಳಿ. 'ಸೋ ಮೆನಿ ಸ್ಟಾರ್ಸ್' ಮೆಂಡೆಸ್ ಸ್ವತಃ ಕಟ್ಟಿದ ರಾಗ, ಅಲನ್ ಮತ್ತು ಮ್ಯಾರಿಲಿನ್ ಬರ್ಗ್‌ಮನ್ ದಂಪತಿಯ ಸಾಹಿತ್ಯ. ಜಾಝ್ ಹಾಡುಗಾರರು ಇಂದಿಗೂ ಹಾಡುತ್ತಾರೆ. ಡೇವ್ ಗ್ರೂಸಿನ್ ಜೋಡಿಸಿದ ತಂತಿವಾದ್ಯಗಳು ಈ ಆಲ್ಬಮ್‌ನಲ್ಲಿ ಎದ್ದು ಕೇಳುತ್ತವೆ. ಅವು ಹಾಡಿನ ಮೇಲೆ ಬೀಳುವುದಿಲ್ಲ, ಹಿಂದೆ ನಿಲ್ಲುತ್ತವೆ.

'ಫೂಲ್ ಆನ್ ದ ಹಿಲ್': ಲೋಬೊರ ನಾಲ್ಕು ಹಾಡು, ಜೊತೆಗೆ 'ಲಪಿನ್ಯಾ', 'ಫೆಸ್ತಾ'. 'ಕಾಸಾ ಫೋರ್ತೆ'ಯಲ್ಲಿ ಮಾತೇ ಇಲ್ಲ. ದನಿಗಳು ವಾದ್ಯದ ಹಾಗೆ ರಾಗ ಹಿಡಿದು ಓಡುತ್ತವೆ. ದೊಂ ಉಂ ರೊಮಾಂವ್ ಡ್ರಮ್ಸ್, ರುಬೆನ್ಸ್ ಬಸೀನಿ ತಾಳವಾದ್ಯ, ಸೆಬಾಸ್ತಿಆಂವ್ ನೆತೊ ಬೇಸ್, ಒಸ್ಕರ್ ಕಾಸ್ತ್ರೊ ನೇವೆಸ್ ಗಿಟಾರ್. ತಂಡಕ್ಕೆ ಸಿಕ್ಕ ಅತ್ಯುತ್ತಮ ತಾಳ ವಿಭಾಗ ಇದೇ ಎಂಬುದು ನಮ್ಮ ಅಭಿಪ್ರಾಯ.

'ಕ್ರಿಸ್ಟಲ್ ಇಲ್ಯೂಶನ್ಸ್': 'ವಿಯೋಲಾ', 'ಎಂಪ್ಟಿ ಫೇಸಸ್', 'ಪ್ರೆಟಿ ವರ್ಲ್ಡ್', ಶೀರ್ಷಿಕೆ ಹಾಡು. 'ಯೆ ಮೆ ಲೆ' ಆ ಸಾಲಿನಲ್ಲಿ ಸ್ವಲ್ಪ ಸೊರಗಿದ ಆಲ್ಬಮ್. ಶೀರ್ಷಿಕೆ ಹಾಡು, 'ನಾರ್ವೀಜಿಯನ್ ವುಡ್' ಎರಡು ಸಾಕು. 'ಸ್ಟಿಲ್‌ನೆಸ್' ಬೇರೆಯೇ ಹವೆ: 'ವಿರಾಮುಂದೊ', 'ಚೆಲ್ಸಿ ಮಾರ್ನಿಂಗ್', 'ಫಾರ್ ವಾಟ್ ಇಟ್ಸ್ ವರ್ತ್'.

'ಮಾಸ್ ಕಿ ನಾದಾ' ಹುಡುಕಿದರೆ ಹತ್ತಾರು ಬರುತ್ತವೆ. ಯಾವುದು ಬೇಕಾದದ್ದು?

ಮೂಲ ಜೊರ್ಜ್ ಬೆನ್‌ರದು, 1963. ಗಂಡು ದನಿ, ಗಿಟಾರ್, ಜೊತೆಗೆ ಗಾಳಿವಾದ್ಯ. ಮೆಂಡೆಸ್‌ರ ಬ್ರಸಿಲ್ 66 ಆವೃತ್ತಿ 1966ರದು, ಎರಡೂವರೆ ನಿಮಿಷದ ಆಸುಪಾಸು. ಪಿಯಾನೋದಿಂದ ಶುರುವಾಗಿ ಹೆಣ್ಣು ದನಿಗಳು "ಒಬಾ ಒಬಾ ಒಬಾ" ಎನ್ನುತ್ತವೆ. ಅಮೆರಿಕದ ಹಿಪ್‌ಹಾಪ್ ತಂಡ ಬ್ಲ್ಯಾಕ್ ಐಡ್ ಪೀಸ್ ಜೊತೆಗಿನದು 2006ರದು, ನಾಲ್ಕು ನಿಮಿಷ ದಾಟುತ್ತದೆ, ನಡುವೆ ರ‍್ಯಾಪ್ ಇದೆ. ಆ ವರ್ಷ ಬ್ರಿಟನ್ ಪಟ್ಟಿಯಲ್ಲಿ 6ನೇ ಸ್ಥಾನ ಮುಟ್ಟಿತು. ಆ್ಯಪ್‌ಗಳಲ್ಲಿ ಮೇಲೆ ಬರುವುದು ಸಾಮಾನ್ಯವಾಗಿ ಇದೇ. ಇನ್ನೊಂದು ಗೊಂದಲ: 1998ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಬ್ರೆಜಿಲ್ ಆಟಗಾರರು ವಿಮಾನ ನಿಲ್ದಾಣದಲ್ಲಿ ಚೆಂಡಾಡುವ ನೈಕಿ ಜಾಹೀರಾತಿನ ಹಾಡು ಮೆಂಡೆಸ್‌ರದಲ್ಲ, ತಾಂಬಾ ಟ್ರಿಯೋದ್ದು. "ಟಿವಿಯಲ್ಲಿ ಕೇಳಿದ್ದು ಇದಲ್ಲವಲ್ಲ" ಅನ್ನಿಸಿದರೆ ಅದನ್ನು ಹುಡುಕಿ.

ಹಾಡಿನ ಅವಧಿ ನೋಡುವುದೇ ಎಲ್ಲಕ್ಕಿಂತ ಬೇಗದ ಪರೀಕ್ಷೆ.

ಬೀಟಲ್ಸ್ ಹಾಡುಗಳನ್ನೆಲ್ಲ ಬಿಟ್ಟುಬಿಡಲೇ?

ಎಲ್ಲವನ್ನೂ ಬೇಡ. 'ಡೇ ಟ್ರಿಪ್ಪರ್' ಚುರುಕಾಗಿದೆ, 'ನಾರ್ವೀಜಿಯನ್ ವುಡ್'ನಲ್ಲಿ ಮೆಂಡೆಸ್‌ರ ಎಲೆಕ್ಟ್ರಿಕ್ ಪಿಯಾನೋ ಇಡೀ ಆಲ್ಬಮ್‌ನ ಬೆಲೆ ತೀರಿಸುತ್ತದೆ. 'ದ ಫೂಲ್ ಆನ್ ದ ಹಿಲ್' ಚೆನ್ನಾಗಿ ಕಟ್ಟಿದ ಹಾಡು, ಅತಿಯಾಗಿ ಕೇಳಿಸಿ ಸವೆದಿದೆ ಅಷ್ಟೆ. 'ವಿತ್ ಅ ಲಿಟಲ್ ಹೆಲ್ಪ್' ಬಿಡಬಹುದು.

'ದ ಲುಕ್ ಆಫ್ ಲವ್' ವಿಷಯ ಬೇರೆ. ಮೂಲದಲ್ಲಿ ಬ್ರಿಟನ್‌ನ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಪಿಸುದನಿಯಲ್ಲಿ ಹಾಡಿದ್ದು. ಮೆಂಡೆಸ್ ಅದರ ವೇಗ ಹೆಚ್ಚಿಸಿ ಕಹಳೆಗಳನ್ನು ಹಾಕಿಸಿದರು. 1968ರ ಏಪ್ರಿಲ್‌ನಲ್ಲಿ ಆಸ್ಕರ್ ಸಮಾರಂಭದಲ್ಲಿ ತಂಡ ಹಾಡಿದ ಮೇಲೆ ಅದು ದೊಡ್ಡ ಹಿಟ್ ಆಯಿತು. ಗುಟ್ಟಿನ ಹಾಡನ್ನು ಮೆರವಣಿಗೆ ಮಾಡಿದರು ಎಂದು ದೂರುವವರೂ ಇದ್ದಾರೆ. ಎರಡನ್ನೂ ಕೇಳಿ ನೀವೇ ಹೇಳಿ.

ಎಲ್ಲ ಹಾಡೂ ಒಂದೇ ತರಹ ಕೇಳಿಸುತ್ತದೆ. ಕಿವಿ ಎಲ್ಲಿ ಇಡಬೇಕು?

ರಾಗದ ಮೇಲಲ್ಲ, ಮೊದಲು ತಾಳದ ಮೇಲೆ. ಸಾಂಬಾ ಎರಡೆಣಿಕೆಯ ತಾಳ. ನಮ್ಮ ಲೆಕ್ಕದಲ್ಲಿ ಪ್ರತಿ ಎಣಿಕೆಗೂ ನಾಲ್ಕು ಮಾತ್ರೆ, ಚತುರಶ್ರ ನಡೆ. ತೊಡೆ ತಟ್ಟಿ "ತಕಧಿಮಿ ತಕಧಿಮಿ" ಎಂದು ಹಿಡಿದರೆ ಸರಿಹೊಂದುತ್ತದೆ. ಆದರೆ ಭಾರ ಬೀಳುವುದು ಮೊದಲ ಎಣಿಕೆಯ ಮೇಲಲ್ಲ, ಎರಡನೆಯದರ ಮೇಲೆ. ಸಮದ ಮೇಲೆ ಒತ್ತು ಕಾಯುವ ಕಿವಿಗೆ ಇದು ಮೊದಲು ತಲೆಕೆಳಗಾಗಿ ಕೇಳಿಸುತ್ತದೆ. ಒಂದು ನಿಮಿಷ ಎರಡನೇ ಎಣಿಕೆಗೇ ಕೈ ತಟ್ಟಿ, ಹಾಡು ತಾನಾಗಿ ತೂಗಲು ಶುರುವಾಗುತ್ತದೆ.

ಆಮೇಲೆ ಡ್ರಮ್‌ನ ಅಂಚಿನ ಮೇಲೆ ಕಡ್ಡಿ ಅಡ್ಡ ಇಟ್ಟು ಬಾರಿಸುವ 'ಟಕ್' ಸದ್ದನ್ನು ಹಿಡಿಯಿರಿ. ಅದು ಎಣಿಕೆಗಳ ಮೇಲೆ ಬೀಳದೆ ನಡುವಿನ ಮಾತ್ರೆಗಳ ಮೇಲೆ ಬೀಳುತ್ತದೆ. ಬೇಸ್ ನೇರ ನಡೆಯುತ್ತದೆ, ಕಡ್ಡಿ ಓರೆ ನಡೆಯುತ್ತದೆ. ಇವೆರಡರ ಎಳೆದಾಟದ ಮೇಲೆ ಮೆಂಡೆಸ್‌ರ ಎಡಗೈ ಸ್ವರಗುಚ್ಛಗಳನ್ನು ಚಿಕ್ಕದಾಗಿ, ಕತ್ತರಿಸಿದಂತೆ ಇಡುತ್ತದೆ. 'ಲಪಿನ್ಯಾ' ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಹಾಡು.

ಮೂರನೆಯದು ದನಿ. ಇಬ್ಬರು ಹಾಡುಗಾರ್ತಿಯರು ಬಹುಪಾಲು ಒಂದೇ ಸ್ವರದಲ್ಲಿ, ಕಂಪನವಿಲ್ಲದೆ, ಮಧ್ಯ ಸ್ಥಾಯಿಯಲ್ಲಿ ಹಾಡುತ್ತಾರೆ. ಅದೇ ಈ ತಂಡದ ಗುರುತು. ಸಾಲಿನ ಕೊನೆಯಲ್ಲಿ ಒಬ್ಬಾಕೆ ಕವಲೊಡೆದು ಮೇಲಿನ ಸ್ವರಕ್ಕೆ ಹೋದಾಗ ಅದು ಮಿಂಚಿನ ಹಾಗೆ ಕೇಳುವುದು ಉಳಿದ ಹೊತ್ತೆಲ್ಲ ಇಬ್ಬರೂ ಒಂದೇ ಗೆರೆಯ ಮೇಲಿದ್ದುದರಿಂದ.

ಹಾಡಿದವರು ಯಾರು? 'ದ ಗರ್ಲ್ ಫ್ರಂ ಇಪನೇಮಾ' ಹಾಡಿದ ಆಸ್ಟ್ರುಡ್ ಜಿಲ್ಬೆರ್ತೊ ಇದ್ದರೇ?

ಇಲ್ಲ. ಮುಖ್ಯ ದನಿ ಲಾನಿ ಹಾಲ್, ಶಿಕಾಗೋದವರು, ಬ್ರೆಜಿಲ್‌ನವರಲ್ಲ. ಜೊತೆಗೆ ಮೊದಲ ಆಲ್ಬಮ್‌ನಲ್ಲಿ ಬಿಬಿ ವೊಗೆಲ್, ಆಮೇಲೆ ಜಾನಿಸ್ ಹ್ಯಾನ್ಸನ್, 'ಫೂಲ್ ಆನ್ ದ ಹಿಲ್' ಹೊತ್ತಿಗೆ ಕ್ಯಾರೆನ್ ಫಿಲಿಪ್. 'ಸ್ಟಿಲ್‌ನೆಸ್' ಹೊತ್ತಿಗೆ ಗ್ರಸಿನ್ಯಾ ಲೆಪೊರಾಸಿ ಬಂದರು, ಲಾನಿ ಹೊರಟರು. ಗ್ರಸಿನ್ಯಾ ಮೆಂಡೆಸ್‌ರ ಪತ್ನಿ, ಕೊನೆಯವರೆಗೂ ಅವರ ಹಾಡುಗಾರ್ತಿ. ಲಾನಿ ಹಾಲ್ ಒಂಟಿಯಾಗಿ ಹಾಡಿದ 'ಲೈಕ್ ಅ ಲವರ್' ಕೇಳಿದರೆ ಉಳಿದ ಹಾಡುಗಳಲ್ಲಿ ಅವರ ದನಿ ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

'ದ ಗರ್ಲ್ ಫ್ರಂ ಇಪನೇಮಾ' ಯಾವ ಆಲ್ಬಮ್‌ನಲ್ಲಿದೆ?

ನೀವು ಹುಡುಕುತ್ತಿರುವುದು ಸ್ಟಾನ್ ಗೆಟ್ಜ್, ಜೊಆಂವ್ ಜಿಲ್ಬೆರ್ತೊ ಆಲ್ಬಮ್‌ನದು, ಹಾಡಿದವರು ಆಸ್ಟ್ರುಡ್. ಮೆಂಡೆಸ್‌ಗೂ ಅದಕ್ಕೂ ಸಂಬಂಧವಿಲ್ಲ. ಅವರು ಬಾರಿಸಿದ ಮಾತಿಲ್ಲದ ಆವೃತ್ತಿ ಮುಂದಿನ ಉತ್ತರದಲ್ಲಿ ಹೇಳುವ 1964ರ ಆಲ್ಬಮ್‌ನಲ್ಲಿದೆ.

ಈಸಿ ಲಿಸನಿಂಗ್ (ಹಗುರ ಹಿನ್ನೆಲೆ ಸಂಗೀತ) ಬೇಡ, ಜಾಝ್ ಬೇಕು. ಏನಾದರೂ ಇದೆಯೇ?

ಇದೆ, ಬಹಳ ಒಳ್ಳೆಯದೇ ಇದೆ. ಮೆಂಡೆಸ್ ಬೆಳೆದದ್ದು ಕೊಪಕಬಾನಾದ 'ಬೆಕೊ ದಾಸ್ ಗರಾಫಾಸ್' ಎಂಬ ಓಣಿಯ ಪುಟ್ಟ ಕ್ಲಬ್‌ಗಳಲ್ಲಿ. 1964ರ 'ವೊಸೆ ಅಯಿಂದಾ ನಾಂವ್ ಒವಿವು ನಾದಾ' ಕೇಳಿ, ತಂಡದ ಹೆಸರು 'ಬೋಸಾ ರಿಯೊ'. ಎರಡು ಟ್ರೊಂಬೋನ್ (ರವುಲ್ ದೆ ಸೋಝಾ, ಎದ್ಸನ್ ಮಾಸಿಯೆಲ್), ಎಕ್ತೊರ್ ಕೊಸ್ತಿತಾ ಸ್ಯಾಕ್ಸಫೋನ್, ಎದಿಸನ್ ಮಶಾದೊ ಡ್ರಮ್ಸ್. ಕಬ್ಬಿಣದ ಕಡಲೆಯಲ್ಲ, ಆದರೆ ಲಾಬಿ ಸಂಗೀತ ಅಂತೂ ಅಲ್ಲವೇ ಅಲ್ಲ. ಶುರು ಮಾಡಲು ಮೊಅಸೀರ್ ಸಾಂತೊಸ್‌ರ 'ಕೊಯಿಝಾ ನಂಬರ್ 2', ಮೆಂಡೆಸ್‌ರದೇ 'ಪ್ರಿಮಿತಿವೊ' ಮತ್ತು 'ನೋಆ ನೋಆ'.

ಅದಕ್ಕೂ ಮುಂಚೆ, 1962ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಮಾಡಿದ 'ಕ್ಯಾನನ್‌ಬಾಲ್ಸ್ ಬೋಸಾ ನೋವಾ' ಕೂಡ ಇವರ ತಂಡದ್ದೇ. ಆಲ್ಬಮ್ ಅಮೆರಿಕದ ಸ್ಯಾಕ್ಸಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಹೆಸರಿನಲ್ಲಿರುವುದರಿಂದ ಮೆಂಡೆಸ್ ಪುಟದಲ್ಲಿ ಸಿಗದೇ ಹೋಗಬಹುದು. ಅದರಲ್ಲಿನ 'ಗ್ರೂವಿ ಸಾಂಬಾ' ಮೆಂಡೆಸ್‌ರ ಕೃತಿ.

ಇಲ್ಲೊಂದು ಬಲೆ: 1969ರ ಹೊತ್ತಿಗೆ ಅಮೆರಿಕದಲ್ಲಿ ಮೆಂಡೆಸ್ ನಿರ್ಮಿಸಿದ ಇನ್ನೊಂದು ಹಾಡುಗಾರರ ತಂಡಕ್ಕೂ 'ಬೋಸಾ ರಿಯೊ' ಎಂದೇ ಹೆಸರಿತ್ತು. ಗ್ರಸಿನ್ಯಾ, ಪೆರಿ ರಿಬೇಯ್ರೊ ಹಾಡಿದ್ದು. ಇಂಪಾಗಿದೆ, ಆದರೆ ಜಾಝ್ ಹುಡುಕಿ ಹೋದವರಿಗೆ ನಿರಾಸೆ.

ಎಪ್ಪತ್ತರ ದಶಕದಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ?

ಒಂದೇ ಆಲ್ಬಮ್ ಎಂದರೆ 1972ರ 'ಪ್ರೈಮಲ್ ರೂಟ್ಸ್', ಬ್ರಸಿಲ್ 77 ಹೆಸರಿನಲ್ಲಿ. ಬೀಟಲ್ಸ್ ಇಲ್ಲ, ಬಕರಾಕ್ ಇಲ್ಲ, ಚರ್ಮವಾದ್ಯ ಮತ್ತು ದನಿ ಮುಂದೆ. 'ಆಫ್ಟರ್ ಸನ್‌ರೈಸ್', ದೊರಿವಲ್ ಕಾಯಿಮಿಯ 'ಪ್ರಾಮಿಸ್ ಆಫ್ ಅ ಫಿಷರ್‌ಮನ್' ಎರಡೂ ಮೊದಲ ಸಲಕ್ಕೇ ಹಿಡಿಸುತ್ತವೆ. 'ದ ಸರ್ಕಲ್ ಗೇಮ್' 18 ನಿಮಿಷಕ್ಕೂ ಉದ್ದ, ರೆಕಾರ್ಡ್‌ನ ಒಂದು ಮಗ್ಗುಲು ಪೂರ್ತಿ ಅದೇ. ಅದನ್ನು ಪಟ್ಟಿಗೆ ಸೇರಿಸಬೇಡಿ, ಪ್ರತ್ಯೇಕವಾಗಿ ಕೇಳಿ. ಮಾರಾಟದಲ್ಲಿ ಹಿಂದಿನ ಆಲ್ಬಮ್‌ಗಳ ಹತ್ತಿರಕ್ಕೂ ಬರಲಿಲ್ಲ. ಹಳೆಯ ಕೇಳುಗರಿಗೆ ಬೇಕಾದದ್ದು ಇದಾಗಿರಲಿಲ್ಲ.

ಆಮೇಲಿನ ಆಲ್ಬಮ್‌ಗಳಿಂದ ಬಿಡಿ ಹಾಡು ಹೆಕ್ಕಿದರೆ ಸಾಕು: 1976ರ 'ಹೋಮ್‌ಕುಕಿಂಗ್'ನ 'ಎಮೊರಿಯೊ', 1977ರ ಆಲ್ಬಮ್‌ನಿಂದ ಸ್ಟೀವಿ ವಂಡರ್ ಬರೆದುಕೊಟ್ಟ 'ದ ರಿಯಲ್ ಥಿಂಗ್'.

1983ರ ನಂತರ?

'ನೆವರ್ ಗೊನ್ನಾ ಲೆಟ್ ಯು ಗೋ' 1983ರಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಹಾಡಿದವರು ಜೋ ಪಿಝುಲೊ, ಲೀಝಾ ಮಿಲ್ಲರ್. ಬ್ರೆಜಿಲ್‌ನ ಸುಳಿವೂ ಇಲ್ಲದ ಪ್ರೇಮಗೀತೆ. ಆದರೆ ಅದರ ಶ್ರುತಿ ಪದೇ ಪದೇ ಬದಲಾಗುವ ಬಗೆ ಎಂಥ ಕೀಬೋರ್ಡ್ ವಾದಕರಿಗೂ ಬೆವರಿಳಿಸುತ್ತದೆ.

ಈ ಕಾಲದ ನಿಜವಾದ ಸಾಧನೆ 1992ರ 'ಬ್ರಸಿಲೇಯ್ರೊ', ಗ್ರ್ಯಾಮಿ ಪ್ರಶಸ್ತಿ ಬಂದದ್ದು. ಕಾರ್ಲಿನ್ಯೊಸ್ ಬ್ರೌನ್‌ರ 'ಫನ್‌ಫಾರಾ' ಮತ್ತು 'ಮಗಲೆನ್ಯಾ' ಕೇಳಿ. ದೊಡ್ಡ ಸ್ಪೀಕರ್ ಇದ್ದರೆ ಇನ್ನೂ ಒಳ್ಳೆಯದು, ಫೋನ್ ಸ್ಪೀಕರ್‌ನಲ್ಲಿ ಆ ಡೋಲುಗಳ ತಳದ ಸದ್ದು ಮಾಯವಾಗಿ ಬರೀ ಕಿರುಚಾಟ ಉಳಿಯುತ್ತದೆ. 2006ರ 'ಟೈಮ್‌ಲೆಸ್' ವಿಲ್ ಐ ಆ್ಯಮ್ ನಿರ್ಮಾಣ. 'ದಟ್ ಹೀಟ್', ಸ್ಟೀವಿ ವಂಡರ್ ಹಾರ್ಮೋನಿಕಾ ಊದಿದ 'ಬೆರಿಂಬಾವ್', ಗ್ರಸಿನ್ಯಾ ಹಾಡಿದ 'ಎ ಮೆನೀನಾ' ಇಟ್ಟುಕೊಂಡು ಮುಂದೆ ನಡೆಯಿರಿ.

ಆ್ಯಪ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೆ ಬೇರೇನೋ ಸಿಗುತ್ತದೆ. ಏಕೆ?

ಸಾಮಾನ್ಯ ಕಾರಣಗಳು ಇವು. ತಂಡದ ಹೆಸರಿನಲ್ಲಿರುವುದು ಪೋರ್ಚುಗೀಸ್ 'ಬ್ರಸಿಲ್', ಎಸ್ ಅಕ್ಷರ. ಝಡ್ ಹಾಕಿದರೆ ಕೆಲವು ಕಡೆ ಸಿಗದು. ಒಬ್ಬರೇ ಕಲಾವಿದರು 'ಸೆರ್ಜಿಯೊ ಮೆಂಡೆಸ್', 'ಸೆರ್ಜಿಯೊ ಮೆಂಡೆಸ್ ಅಂಡ್ ಬ್ರಸಿಲ್ 66', 'ಬ್ರಸಿಲ್ 77' ಎಂದು ಎರಡು ಮೂರು ಪುಟಗಳಾಗಿ ಒಡೆದಿರುತ್ತಾರೆ. ಒಂದರಲ್ಲಿಲ್ಲದ ಆಲ್ಬಮ್ ಇನ್ನೊಂದರಲ್ಲಿ ಇರುತ್ತದೆ. ಆಲ್ಬಮ್ ಪಕ್ಕದ ಇಸವಿ ಮರುಬಿಡುಗಡೆಯದಾಗಿರಬಹುದು. ಪುಟದ ತಳದಲ್ಲಿ ವೃತ್ತದೊಳಗಿನ ಪಿ ಅಕ್ಷರದ ಮುಂದಿರುವ ಇಸವಿಯನ್ನೂ ನೋಡಿ, ಅದು ಧ್ವನಿಮುದ್ರಣದ ಹಕ್ಕಿನದು. 'ಟ್ರಿಬ್ಯೂಟ್', 'ಕರೋಕೆ', 'ಇನ್ ದ ಸ್ಟೈಲ್ ಆಫ್' ಎಂದಿದ್ದರೆ ಮುಟ್ಟಬೇಡಿ.

ಕಲಾವಿದರ ಹೆಸರಿನಿಂದ ಹುಡುಕುವುದಕ್ಕಿಂತ ಆಲ್ಬಮ್ ಹೆಸರಿನಿಂದ ಹುಡುಕುವುದು ಲೇಸು.

ಸೆಟ್ಟಿಂಗ್ ಏನಾದರೂ ಬದಲಿಸಬೇಕೆ?

ಮೂರು. ಒಂದು, ಹಾಡಿಗೆ ಹಾಡು ಬೆರೆಸುವ 'ಕ್ರಾಸ್‌ಫೇಡ್' ಆಫ್ ಮಾಡಿ. ಹಾಡುಗಳೇ ಚಿಕ್ಕವು, ಹಲವು ಮೆಲ್ಲಗೆ ಕರಗುತ್ತಾ ಮುಗಿಯುತ್ತವೆ. ಐದಾರು ಸೆಕೆಂಡ್ ಕತ್ತರಿಸಿದರೆ ಆ ಕೊನೆಯೇ ಹೋಗುತ್ತದೆ. ಎರಡು, ಸದ್ದಿನ ಮಟ್ಟ ಸರಿದೂಗಿಸುವ 'ನಾರ್ಮಲೈಝೇಶನ್' ಆನ್ ಮಾಡಿ. 1966ರ ಹಾಡಿನ ಹಿಂದೆ 2006ರದು ಬಂದರೆ ಕಿವಿಗೆ ಹೊಡೆದಂತಾಗುತ್ತದೆ, ಯಾಕೆಂದರೆ ಹೊಸದನ್ನು ಗಟ್ಟಿಯಾಗಿ ಒತ್ತಿ ಮುದ್ರಿಸಿರುತ್ತಾರೆ. ಮೂರು, ಒಂದೇ ಕಿವಿಗೆ ಇಯರ್‌ಬಡ್ ಹಾಕಿ ಕೇಳುವ ಅಭ್ಯಾಸವಿದ್ದರೆ ಫೋನಿನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ 'ಮೋನೋ ಆಡಿಯೋ' ಹಾಕಿಕೊಳ್ಳಿ. ಆ ಕಾಲದ ಸ್ಟೀರಿಯೋದಲ್ಲಿ ವಾದ್ಯಗಳನ್ನು ಎಡಬಲಕ್ಕೆ ದೂರ ದೂರ ಇಡುತ್ತಿದ್ದರು. ಒಂದು ಕಡೆ ಮಾತ್ರ ಕೇಳಿದರೆ ಅರ್ಧ ತಂಡವೇ ಇರುವುದಿಲ್ಲ.

ಹಳೆಯ ರೆಕಾರ್ಡ್ ಕೊಳ್ಳುವುದಾದರೆ?

ಎ ಅಂಡ್ ಎಂ ಆಲ್ಬಮ್‌ಗಳು ಆಗ ಹೇರಳವಾಗಿ ಮಾರಾಟವಾದವು, ಆದ್ದರಿಂದ ಅಪರೂಪದವಲ್ಲ. ವಿಪರೀತ ಬೆಲೆ ಹೇಳಿದರೆ ಬಿಟ್ಟು ನಡೆಯಿರಿ. ಅಂಚಿನ ಮೇಲಿನ ನಂಬರ್ ನೋಡಿ ಗುರುತಿಸಬಹುದು: ಮೊದಲ ಆಲ್ಬಮ್ ಎಸ್‌ಪಿ 4116, 'ಈಕ್ವಿನಾಕ್ಸ್' 4122, 'ಲುಕ್ ಅರೌಂಡ್' 4137, 'ಫೂಲ್ ಆನ್ ದ ಹಿಲ್' 4160, 'ಕ್ರಿಸ್ಟಲ್ ಇಲ್ಯೂಶನ್ಸ್' 4197. ಎಸ್‌ಪಿ ಎಂದರೆ ಸ್ಟೀರಿಯೋ. ಎಲ್‌ಪಿ 116, ಎಲ್‌ಪಿ 122 ಎಂದಿದ್ದರೆ ಮೋನೋ.

ಕವರ್ ನೋಡಿ ದುಡ್ಡು ಕೊಡಬೇಡಿ, ತಟ್ಟೆಯನ್ನು ಹೊರಗೆ ತೆಗೆದು ಲೇಬಲ್ ಓದಿ. ಒಂದರ ಕವರ್‌ನಲ್ಲಿ ಇನ್ನೊಂದು ಇರುವುದು ಮಾಮೂಲು. ಮನೆಯ ಪಾರ್ಟಿಗಳಲ್ಲಿ ತಿರುಗಿ ತಿರುಗಿ ಸವೆದ ರೆಕಾರ್ಡ್‌ಗಳು ಇವು. ಬೆಳಕಿಗೆ ಓರೆ ಹಿಡಿದಾಗ ಗೀರುಗಿಂತ ಹೆಚ್ಚಾಗಿ ಬೂದುಬಣ್ಣಕ್ಕೆ ತಿರುಗಿದ ಸುರುಳಿ ಗೆರೆಗಳನ್ನು ಹುಡುಕಿ. ಗೀರು ಬಿದ್ದರೆ ಟಿಕ್ ಎನ್ನುತ್ತದೆ ಅಷ್ಟೆ, ಸವೆತಕ್ಕೆ ಮದ್ದಿಲ್ಲ. ಮೊದಲು ಕೆಡುವುದು ಮಗ್ಗುಲಿನ ಕೊನೆಯ ಹಾಡು, ಒಳಸುತ್ತಿನಲ್ಲಿ ಮುಳ್ಳು ನಿಧಾನ ಚಲಿಸುವುದರಿಂದ. ಮೊದಲ ಆಲ್ಬಮ್ ಆದರೆ 'ತಿಂ ದೊಂ ದೊಂ' ಮತ್ತು 'ಬೆರಿಂಬಾವ್' ಹಾಕಿಸಿ ಕೇಳಿ. ಹಾಡುಗಾರ್ತಿಯರ ಸಕಾರಗಳು 'ಶ್' ಎಂದು ಒಡೆದರೆ ಬೇಡ ಅನ್ನಿ.

ಪೆಲೆ ಹಾಡಿದ ಆಲ್ಬಮ್ ಮೆಂಡೆಸ್‌ರದೆಂಬುದು ನಿಜವೇ?

ನಿಜ. 1977ರ 'ಪೆಲೆ' ಸಾಕ್ಷ್ಯಚಿತ್ರಕ್ಕೆ ಸಂಗೀತ ಇವರದು. ಪೆಲೆಯೇ ಬರೆದು ಹಾಡಿದ 'ಮೆವು ಮುಂದೊ ಎ ಉಮಾ ಬೋಲಾ' ಅದರಲ್ಲಿದೆ, ಜಾಝ್ ಸ್ಯಾಕ್ಸಫೋನ್ ವಾದಕ ಜೆರಿ ಮಲಿಗನ್ ಕೂಡ ಇದ್ದಾರೆ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆಯನ್ನೇ ನಿಲ್ಲಿಸಿಕೊಂಡವರಿಗೆ ಇದು ಕೇಳಲೇಬೇಕಾದ ಆಲ್ಬಮ್. ಪೆಲೆಯ ದನಿ ಆಟದಷ್ಟು ಚೆನ್ನಾಗಿಲ್ಲ, ಆದರೆ ಕೆಟ್ಟದಾಗಿಯೂ ಇಲ್ಲ.

ಒಂದೇ ಪಟ್ಟಿ ಕೊಡಿ, ಬೇರೇನೂ ಓದುವುದಿಲ್ಲ.

ಈ ಕ್ರಮದಲ್ಲೇ, ಶಫಲ್ ಹಾಕದೆ: 'ಮಾಸ್ ಕಿ ನಾದಾ' (1966), 'ರೋದಾ', 'ಕಾನ್‌ಸ್ಟಂಟ್ ರೇನ್', 'ಲೈಕ್ ಅ ಲವರ್', 'ದ ಫ್ರಾಗ್', 'ಸ್ಲೋ ಹಾಟ್ ವಿಂಡ್', 'ಲಪಿನ್ಯಾ', 'ಕಾಸಾ ಫೋರ್ತೆ', 'ಸೋ ಮೆನಿ ಸ್ಟಾರ್ಸ್', 'ಪ್ರೆಟಿ ವರ್ಲ್ಡ್', 'ನಾರ್ವೀಜಿಯನ್ ವುಡ್', 'ವಿರಾಮುಂದೊ', 'ಆಫ್ಟರ್ ಸನ್‌ರೈಸ್', 'ಮಗಲೆನ್ಯಾ'. ಮುಕ್ಕಾಲು ಗಂಟೆಯ ಆಸುಪಾಸು ಆಗುತ್ತದೆ. 'ಕಾಸಾ ಫೋರ್ತೆ' ಹಿಡಿಸಿದರೆ ಮುಂದೆ ಎದು ಲೋಬೊ ಕಡೆ ಹೋಗಿ, 'ಆಫ್ಟರ್ ಸನ್‌ರೈಸ್' ಹಿಡಿಸಿದರೆ 'ಪ್ರೈಮಲ್ ರೂಟ್ಸ್' ಪೂರ್ತಿ ಕೇಳಿ. 'ಸೋ ಮೆನಿ ಸ್ಟಾರ್ಸ್' ಮಾತ್ರ ಹಿಡಿಸಿದರೆ ಲಾನಿ ಹಾಲ್ ಎ ಅಂಡ್ ಎಂ ಕಂಪನಿಗೇ ಮಾಡಿದ ಒಂಟಿ ಆಲ್ಬಮ್‌ಗಳಿವೆ, 1972ರ 'ಸನ್ ಡೌನ್ ಲೇಡಿ'ಯಿಂದ ಶುರು ಮಾಡಿ.